ಅಪ್ಪಾಸಾಹೇಬರು ರಂಧಾ ಕೊಂಡಿದ್ದು

ಮಳೆಗಾಲ ಬಂತೆಂದರೆ ಸಾಗವಾನಿ ಬಾಗಿಲಿಗೂ ಮೈ ಬರುತ್ತದೆ. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ಅರ್ಧ ಆಯುಷ್ಯ ಕಳೆದಿದ್ದ ಅಪ್ಪಾಸಾಹೇಬರಿಗೆ ಇದು ಹೊಸ ಸಂಗತಿಯೇನಲ್ಲ. ಆಷಾಢದಲ್ಲಿ ಒಳಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಭುಜ ಕೊಟ್ಟು ದೂಡಿದರೆ ಕಿರ್ರೆಂದು ಕಿರುಚಿ ತೆರೆಯುತ್ತಿತ್ತು. ದಸರೆಯ ಬಿಸಿಲಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಮಳೆಗಾಲವಿಡೀ ಅದನ್ನು ಬೈಯುವುದು, ಬಿಸಿಲು ಬಿದ್ದೊಡನೆ ಮರೆಯುವುದು ಆ ಮನೆಯ ರೂಢಿಯಾಗಿತ್ತು.

ಈ ವರ್ಷ ಮಾತ್ರ ಆ ಕೋಣೆಯಲ್ಲಿ ಬಾಣಂತಿ ಇದ್ದಳು. ಮಗಳು ರಂಜನಾ ಹೆರಿಗೆಗೆ ಬಂದವಳು ಎರಡು ತಿಂಗಳ ಕೂಸಿನ ಜೊತೆ ಅಲ್ಲೇ ಮಲಗುತ್ತಿದ್ದಳು. ಅಳಿಯ ದೇವಾನಂದ ಚಾಕಣದ ಕಾರ್ಖಾನೆಯಲ್ಲಿ ದುಡಿದು, ನಿಗಡಿಯ ಮನೆಯಲ್ಲಿ ಒಬ್ಬನೇ ಕುಕ್ಕರ್ ಕೂಗಿಸಿಕೊಂಡು ಉಣ್ಣುತ್ತಿದ್ದ. ಗಣಪತಿ ಹಬ್ಬ ಮುಗಿದ ಮೇಲೆ ಹೆಂಡತಿ ಮಗುವನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಕೂಸು ಬಂಗಾರದಂಥದ್ದು. ಆದರೆ ಅದರ ನಿದ್ದೆ ಹಾಲಿನ ಕೆನೆಗಿಂತ ತೆಳ್ಳಗೆ. ಕಷಾಯ ಒಯ್ಯಲಿ, ಕೆಂಡದ ಅಗ್ಗಿಷ್ಟಿಕೆ ಒಯ್ಯಲಿ, ಬಾಗಿಲು ಕಿರುಚಿತೆಂದರೆ ಕೂಸು ಎದ್ದು ಬಾಗಿಲಿಗಿಂತ ಜೋರಾಗಿ ಕಿರುಚುತ್ತಿತ್ತು.

ಆ ಆದಿತ್ಯವಾರ ಬೆಳಿಗ್ಗೆ ಮೂರನೆಯ ಸಲ ಹಾಗಾದಾಗ ರಂಜನಾ ಕೂಸಿಗಿಂತ ಮೊದಲು ತಾನೇ ಅತ್ತುಬಿಟ್ಟಳು.

"ಅಪ್ಪಾ, ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಒಂದ್ ತಾಸು ನಿದ್ದಿ ಕೊಡಸ್ರಿ," ಎಂದಳು.

ಹುಡುಗಿ ಸಣ್ಣವಳಿದ್ದಾಗ ಕೇಳಿದ ಗುಲಾಬಿ ಬಣ್ಣದ ಸೈಕಲ್ಲಿಗಾಗಿ ಇಡೀ ಪುಣೆ ಸುತ್ತಿದ್ದ ಅಪ್ಪ ಅವರು.

"ಬಾಗಿಲಾ ತೆರದ ಇಟ್ರ ಹೆಂಗ?" ಎಂದು ಹೆಂಡತಿಯನ್ನು ಕೇಳಿದರು.

"ಬಾಣಂತಿಗೆ ಗಾಳಿ ಬಡದ್ರ ಮುಂದ ಜೀವನಪೂರ್ತಿ ಸೊಂಟ ಹಿಡ್ಕೊಂಡು ಕೂಡ್ತಾಳ. ನೀವು ತಿಕ್ಕತೀರೇನು ಸೊಂಟ?" ಎಂದಳು ಭೀಮವ್ವ.

ಎಣ್ಣೆ ಹಾಕಿ ನೋಡಿದ್ದಾಗಿತ್ತು. ಬಾಗಿಲು ಒಂದು ಬಟ್ಟಲು ಎಣ್ಣೆ ಕುಡಿದು ಇನ್ನಷ್ಟು ಪುಷ್ಟವಾಗಿತ್ತು. ಊರಿನ ಬಡಿಗರೆಲ್ಲ ಗಣಪತಿ ಮಂಡಪ ಕಟ್ಟಲು ಹೋಗಿದ್ದರು. ಫೋನ್ ಮಾಡಿದರೆ "ಹಬ್ಬ ಆದ ಮ್ಯಾಲೆ" ಎನ್ನುತ್ತಿದ್ದರು. ಆಗ ಮಹಡಿಯ ಮೇಲಿನ ಕೋಣೆಯ ಅಶ್ವಿನ್ ಮೆಟ್ಟಿಲಲ್ಲಿ ಸಿಕ್ಕ. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸ.

"ಅಂಕಲ್, ಒಂದು ಹ್ಯಾಂಡ್ ಪ್ಲೇನ್ ತಗೊಂಡು ನೀವೇ ಉಜ್ಜಿಬಿಡಿ, ತುಂಬಾ ಸಿಂಪಲ್. ಆದ್ರೆ ಚೀಪಾಗಿರೋದು ಬೇಡ. ಎಲ್ಲಾ ಬ್ಲೇಡ್ ಮೇಲೇ ಡಿಪೆಂಡ್ ಆಗುತ್ತೆ," ಎಂದು ಮೊಬೈಲಿನಲ್ಲಿ ಒಂದು ಪರದೇಶಿ ಉಜ್ಜುಗೊರಡು ತೋರಿಸಿದ. ಅದರ ಬೆಲೆ ನೋಡಿ ಅಪ್ಪಾಸಾಹೇಬರು, ಇಷ್ಟಕ್ಕೆ ಹೊಸ ಬಾಗಿಲು ಬಂದು ಮೇಲೊಂದು ಕಿಟಕಿಯೂ ಬರುತ್ತದೆ ಎಂದುಕೊಂಡರು.

ಈ ಮಾತು ಕೆಳಗಿನ ಮನೆಯ ಸುಲಭಾಬಾಯಿಯ ಕಿವಿಗೆ ಬಿತ್ತು. ವಾಡೆಯ ಒಡತಿ ಅವರೇ. ಬಾಗಿಲು ಅವರ ಮಾವನ ತಂದೆ ಮಾಡಿಸಿದ್ದು. ಸೆರಗು ಸಿಕ್ಕಿಸಿ ಮೇಲೆ ಬಂದು, ಬಾಗಿಲಿನ ಮೈ ಮುಟ್ಟಿ ನೋಡಿ, ಮರಾಠಿಯಲ್ಲಿ ಅಪ್ಪಣೆ ಕೊಟ್ಟರು: ಉಗುರಿನಷ್ಟು ತೆಗೆಯಬಹುದು. ಅದಕ್ಕಿಂತ ಕೂದಲೆಳೆ ಹೆಚ್ಚಾದರೂ ಬಾಗಿಲು ಕಿತ್ತು ತಮ್ಮ ಮನೆಗೆ ಒಯ್ಯುತ್ತಾರೆ. ಉಜ್ಜುವಾಗ ತಾವು ಎದುರಿಗೆ ಇರುವುದಾಗಿಯೂ ಹೇಳಿದರು.

ಅಪ್ಪಾಸಾಹೇಬರು ಕಾಗದದ ವ್ಯಾಪಾರಿಯ ಕಚೇರಿಯಲ್ಲಿ ಗುಮಾಸ್ತರು. ಕಾಗದ ಕತ್ತರಿಸುವುದು ಗೊತ್ತು, ಕಟ್ಟಿಗೆಯ ಗಂಧ ಗೊತ್ತಿಲ್ಲ. ಅದಕ್ಕೇ ಸಹೋದ್ಯೋಗಿ ಮಧುಕರನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡರು. ಅಥಣಿಯ ಮಧುಕರ್ ಎಂದೋ ಒಂದು ಸ್ಟೂಲು ಮಾಡಿದ್ದ. ಅದರ ಮೇಲೆ ಈವರೆಗೆ ಯಾರೂ ಕೂತಿಲ್ಲ, ಆದರೂ ಬಡಗಿತನದ ವಿಷಯದಲ್ಲಿ ಕಚೇರಿಯಲ್ಲಿ ಅವನದೇ ಕೊನೆಯ ಮಾತು.

ಮೊದಲು ಪೇಠದ ಅಂಗಡಿ. ಅಲ್ಲಿ ಕಬ್ಬಿಣದ ರಂಧಾ ಇತ್ತು. ಪುಣೆಯಲ್ಲಿ ಉಜ್ಜುಗೊರಡಿಗೆ ರಂಧಾ ಎನ್ನುತ್ತಾರೆ. ಬೆಲೆ ಕೇಳಿ ಅಪ್ಪಾಸಾಹೇಬರು ಅದನ್ನು ಕೂಸನ್ನು ಮಲಗಿಸುವಂತೆ ಮೆಲ್ಲಗೆ ಕೆಳಗಿಟ್ಟರು. ಅಗ್ಗದ್ದು ಕೇಳಿದರೆ ಅಂಗಡಿಯವ ಬೆರಳುದ್ದದ್ದೊಂದು ಕೊಟ್ಟು, "ಇದರಿಂದ ಪೆನ್ಸಿಲ್ ಚೂಪು ಮಾಡ್ರಿ," ಎಂದ. ಮಧುಕರ್ ಮತ್ತೆ ನಾಲ್ಕು ಪ್ರಶ್ನೆ ಕೇಳಿದಾಗ, ಮಧ್ಯಾಹ್ನದ ನಿದ್ದೆಯ ಹೊತ್ತಾಯಿತೆಂದು ಶಟರ್ ಅರ್ಧಕ್ಕೆ ಎಳೆದ. ನಿದ್ದೆಯ ವಿಷಯದಲ್ಲಿ ಅಪ್ಪಾಸಾಹೇಬರಿಗೆ ಆ ದಿನ ಯಾರ ಮೇಲೂ ಸಿಟ್ಟಾಗುವ ಮನಸ್ಸಿರಲಿಲ್ಲ.

ಅಲ್ಲಿಂದ ಜುನಾ ಬಜಾರ್, ಹಳೇ ಸಾಮಾನಿನ ಸಂತೆ. ಜಿನುಗುವ ಮಳೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ, ಹಳೇ ನಲ್ಲಿ ಬೀಗಗಳ ನಡುವೆ ಸೊಲ್ಲಾಪುರದ ಮುದುಕನೊಬ್ಬ ಕೂತಿದ್ದ. ಇವರ ಕನ್ನಡ ಕೇಳಿ ಮುಖ ಅರಳಿಸಿ, ಕರ್ರಗೆ ಮಿಂಚುವ ಬೀಟೆಮರದ ರಂಧಾ ಒಂದನ್ನು ಅಪ್ಪಾಸಾಹೇಬರ ಕೈಗಿತ್ತ.

"ಶೀಸವಿ ಕಟ್ಟಿಗಿರಿ. ಕೈಯಾಗ ಹೆಂಗ ಕೂಡ್ತದ ನೋಡ್ರಿ. ಐವತ್ತು ಕೊಡ್ರಿ ಸಾಕು."

ನಿಜಕ್ಕೂ ಅದು ಪಳಗಿದ ಬೆಕ್ಕಿನ ಹಾಗೆ ಅಂಗೈಯಲ್ಲಿ ಕೂತುಕೊಂಡಿತು. ಅಪ್ಪಾಸಾಹೇಬರಿಗೆ ಬಿಡಲು ಮನಸ್ಸಾಗಲಿಲ್ಲ. ಮಧುಕರ್ ಕಸಿದುಕೊಂಡು ತಿರುವಿ ನೋಡಿದ.

"ಅಲಗ ಎಲ್ಲದ ಅಜ್ಜಾ?"

"ಅಲಗಿಲ್ರಿ. ಕಳದು ಭಾಳ ದಿನ ಆತು."

"ಅಲಗಿಲ್ಲದ ರಂಧಾ ತಗೊಂಡು ಏನ್ ಮಾಡೋಣು? ಬಾಗಿಲಾ ನೇವರಸಬೇಕೇನು?" ಎಂದ ಮಧುಕರ್. ಸುತ್ತಲಿದ್ದ ಗಿರಾಕಿಗಳೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅಪ್ಪಾಸಾಹೇಬರು. ಮುದುಕ ಬೇಸರಿಸದೆ ಅದನ್ನು ಬದಿಗಿಟ್ಟು ಅಲಗಿದ್ದವನ್ನು ತೆಗೆದ.

ಆಮೇಲೆ ಪರೀಕ್ಷೆ ನಡೆಯಿತು. ಮಧುಕರ್ ಒಂದು ಕಣ್ಣು ಮುಚ್ಚಿ ಒಂದೊಂದರ ತಳ ನೋಡಿದ. ಒಂದು ಬಾಗಿತ್ತು, ಒಂದು ಸೀಳಿತ್ತು, ಒಂದರಲ್ಲಿ ಅಲಗು ಹಿಡಿಯುವ ಬೆಣೆ ಸಡಿಲ. ಅಲಗು ಹರಿತವಿದೆಯೋ ಎಂದು ನೋಡಲು ಮುಂಗೈಯ ಕೂದಲು ಬೋಳಿಸಬೇಕಂತೆ. ಆದರೆ ಬೋಳಿಸಿದ್ದು ಅಪ್ಪಾಸಾಹೇಬರ ಮುಂಗೈ. ಐದನೆಯದು ಪಾಸಾಗುವ ಹೊತ್ತಿಗೆ ಅವರ ಎಡಗೈ ಮೊಣಕೈವರೆಗೆ ಮದುಮಗನ ಗಲ್ಲದಂತಾಗಿತ್ತು. ಐವತ್ತರ ಹತ್ತು ಪಟ್ಟು ಹೇಳಿದ ಮುದುಕ ಒಂದು ಪೈಸೆಯೂ ಬಿಡಲಿಲ್ಲ. "ಅಲಗಿನ ಬೆಲಿ ಅದ್ರಿ," ಎಂದ.

ಮಧುಕರನನ್ನು ಅವನ ಮನೆಗೆ ಬಿಟ್ಟು ಅಪ್ಪಾಸಾಹೇಬರು ಸಂಜೆಗೆ ವಾಡೆ ಸೇರಿದಾಗ ಒಳಗೆ ಕೂಸು ಅಳುತ್ತಿತ್ತು. ರಂಜನಾ ಅದನ್ನು ತೊಟ್ಟಿಲಿಗೆ ಹಾಕಿ ತೂಗುತ್ತಿದ್ದಳು. ತೊಟ್ಟಿಲು ಕಟ್ಟಿದ್ದು ಬಾಗಿಲ ಚೌಕಟ್ಟಿನ ಮೇಲೆ ಹಾದ ತೊಲೆಯ ಕೊಂಡಿಗೆ. ಭೀಮವ್ವ ಬಾಗಿಲನ್ನು ಅರ್ಧ ತೆರೆದು ಸೊಂಟ ಕೊಟ್ಟು ಹಿಡಿದಳು. ಸುಲಭಾಬಾಯಿ ಕುರ್ಚಿ ತರಿಸಿಕೊಂಡು ಎದುರಿಗೆ ಕೂತರು. ಅಶ್ವಿನ್ ಮೊಬೈಲ್ ಹಿಡಿದು ನಿಂತ.

ಮೊದಲ ಎಳೆತಕ್ಕೆ ರಂಧಾ ಕಚ್ಚಿಕೊಂಡು ನಿಂತಿತು. ಎರಡನೆಯದಕ್ಕೆ ಒಂದು ಚಕ್ಕೆ ಎದ್ದಿತು. ಸುಲಭಾಬಾಯಿ ದೇವರ ಹೆಸರು ಹೇಳಿದರು. ಅಪ್ಪಾಸಾಹೇಬರು ಉಸಿರು ಬಿಗಿಹಿಡಿದು ಮೂರನೆಯ ಸಲ ಎಳೆದರು. ಸರ್ರ್ ಎಂದು ತೆಳ್ಳನೆಯ ಸುರುಳಿ ಹೊರಬಂತು. ಮತ್ತೆ ಸರ್ರ್. ಮತ್ತೆ ಸರ್ರ್.

ಕೂಸು ಅಳು ನಿಲ್ಲಿಸಿತು.

ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣು ಬಾಗಿಲ ಮೇಲೆ. ಹತ್ತಿಪ್ಪತ್ತು ಸುರುಳಿ ಬೀಳುವಷ್ಟರಲ್ಲಿ ಬಾಗಿಲು ಹಗುರಾಯಿತು. ಭೀಮವ್ವ ಒಂದೇ ಬೆರಳಿಂದ ದೂಡಿ ಮುಚ್ಚಿದಳು, ತೆರೆದಳು. ಸಪ್ಪಳವೇ ಇಲ್ಲ. ಸುಲಭಾಬಾಯಿ ಅಂಚು ಸವರಿ, ಉಗುರಿನಷ್ಟೇ ಹೋಗಿದೆ ಎಂದು ತಲೆಯಾಡಿಸಿದರು. ಅಪ್ಪಾಸಾಹೇಬರು ಗೆದ್ದವರಂತೆ ಬೆವರು ಒರೆಸಿಕೊಂಡರು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ತೊಟ್ಟಿಲ ಹಗ್ಗ ಹಿಡಿದೇ ರಂಜನಾ ಗೋಡೆಗೊರಗಿ ಮಲಗಿದ್ದಳು. ಬಾಯಿ ತುಸು ತೆರೆದಿತ್ತು, ಎರಡನೆಯ ಇಯತ್ತೆಯಲ್ಲಿ ಪಾಠ ಓದುತ್ತ ಮಲಗಿಬಿಡುತ್ತಿದ್ದಳಲ್ಲ, ಹಾಗೆಯೇ. ಅಪ್ಪಾಸಾಹೇಬರ ಕಣ್ಣು ತುಂಬಿತು.

ಅಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ರಂಜನಾ ಬೆಚ್ಚಿ ಕಣ್ಣು ತೆರೆದಳು.

"ಬಾಗಿಲಾ ಸಪ್ಪಳ ಮಾಡಿಲ್ಲಲ್ಲ?" ಎಂದರು ಅಪ್ಪಾಸಾಹೇಬರು.

"ಅದಕ್ಕ ಅಳ್ತದ. ನೀವು ನಿಲ್ಲಿಸಿದ್ರಿ," ಎಂದಳು ಭೀಮವ್ವ. "ಮತ್ತೊಂದೆರಡು ಎಳೀರಿ."

ಎಳೆದರು. ಕೂಸು ಕಣ್ಣು ಮುಚ್ಚಿತು. ನಿಲ್ಲಿಸಿದರು. ಕೂಸು ಕಣ್ಣು ತೆರೆಯಿತು. ಅಶ್ವಿನ್ ಆ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದ. ಕೂಸು ಮೊದಲಿಗಿಂತ ಜೋರಾಗಿ ಅತ್ತಿತು. ನೆಲದ ಮೇಲೆ ಊಟದ ಮಣೆ ಇಟ್ಟು ಉಜ್ಜಿದರು. ಮಣೆ ಸವೆಯಿತು, ಅಳು ನಿಲ್ಲಲಿಲ್ಲ.

"ಅಂಕಲ್, ಬಾಗಿಲಿಂದ ಚೌಕಟ್ಟು, ಚೌಕಟ್ಟಿಂದ ತೊಲೆ, ತೊಲೆಯಿಂದ ತೊಟ್ಟಿಲು. ವೈಬ್ರೇಷನ್ ಹೋಗ್ತಿದೆ. ಬಾಗಿಲನ್ನೇ ಉಜ್ಜಬೇಕು," ಎಂದ ಅಶ್ವಿನ್.

ಅಪ್ಪಾಸಾಹೇಬರು ಸುಲಭಾಬಾಯಿಯ ಮುಖ ನೋಡಿದರು. ಸುಲಭಾಬಾಯಿ ಬಾಗಿಲು ನೋಡಿದರು, ಕೂಸು ನೋಡಿದರು, ಆಮೇಲೆ ರಂಜನಾಳ ಕಣ್ಣ ಕೆಳಗಿನ ಕಪ್ಪು ನೋಡಿದರು. ಅವರೂ ಮೂರು ಹೆತ್ತವರು.

"ಹಳೂ," ಎಂದರು. "ಹಳೂಹಳೂ ಉಜ್ಜಿ."

ಅಪ್ಪಾಸಾಹೇಬರು ಮೆಲ್ಲಗೆ ಉಜ್ಜಿದರು. ಕೂಸೂ ತಾಯಿಯೂ ಮಲಗಿದರು. ಸುರುಳಿಗಳು ಪಾದ ಮುಚ್ಚಿದವು. ಅಂಗೈಯಲ್ಲಿ ಗುಳ್ಳೆ ಎದ್ದವು. ಸುಲಭಾಬಾಯಿಯ ಮಾವನ ತಂದೆಯ ಬಾಗಿಲು ಕಣ್ಣೆದುರೇ ಸೊರಗುತ್ತಿತ್ತು. ಭೀಮವ್ವ ಮುಚ್ಚಿ ನೋಡಿದರೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಬೆರಳು ತೂರುವ ಸಂದಿ. ಅದರೊಳಗಿಂದ ತಣ್ಣನೆಯ ಗಾಳಿ ನೇರವಾಗಿ ಬಾಣಂತಿಯ ಸೊಂಟಕ್ಕೇ ಬೀಸುತ್ತಿತ್ತು. ಸುಲಭಾಬಾಯಿ ಕಣ್ಣು ಮುಚ್ಚಿಕೊಂಡು, "ಥಾಂಬೂ ನಕಾ," ಎಂದರು. ನಿಲ್ಲಿಸಬೇಡಿ ಎಂದು.

ಕೊನೆಗೆ ಭೀಮವ್ವನೇ ಒಂದು ತೀರ್ಮಾನಕ್ಕೆ ಬಂದಳು. ಗಂಡನ ಹಳೆಯ ಧೋತರ ಮಡಚಿ ಸಂದಿಗೆ ತುರುಕಿದಳು. ಬಾಗಿಲು ಮೊದಲಿನಂತೆಯೇ ಬಿಗಿಯಾಗಿ ಕೂತಿತು. ಗಂಡನ ಕೈಯಿಂದ ರಂಧಾ ಇಸಿದುಕೊಂಡಳು. ಕುಟ್ಟುವ ಕಲ್ಲಿನಿಂದ ಬೆಣೆಗೆ ಎರಡು ಕೊಟ್ಟಳು. ಐದನೆಯ ಪರೀಕ್ಷೆಯಲ್ಲಿ ಪಾಸಾದ ಆ ಅಲಗು ಠಣ್ಣೆಂದು ಕೆಳಗೆ ಬಿತ್ತು.

"ಈಗ ಬಾಗಿಲದ ಮೈಮ್ಯಾಲೆ ತಿಕ್ಕರಿ. ಸಪ್ಪಳ ಬೇಕು, ಸಿಪ್ಪಿ ಬ್ಯಾಡ," ಎಂದಳು. ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ತೆಂಗಿನಕಾಯಿ ಎಬ್ಬಲಿಕ್ಕೆ ಚಲೋ ಆತು," ಎಂದು ಅಡುಗೆಮನೆಗೆ ಒಯ್ದಳು.

ಅಲಗಿಲ್ಲದ ರಂಧಾ ಬಾಗಿಲ ಮೇಲೆ ಸರ್ರ್ ಸರ್ರ್ ಎಂದು ಹರಿದಾಡಿತು. ತೊಟ್ಟಿಲು ಕಂಡೂ ಕಾಣದಂತೆ ನಡುಗಿತು. ಕೂಸು ನಿದ್ದೆಯಲ್ಲೇ ನಕ್ಕಿತು. ರಂಜನಾ ಮಗ್ಗಲು ಬದಲಿಸಿದಳು. ಸುಲಭಾಬಾಯಿ ಸದ್ದಿಲ್ಲದೆ ಕುರ್ಚಿ ಎತ್ತಿಕೊಂಡು ಕೆಳಗಿಳಿದರು.

ದೀಪ ಹಚ್ಚುವ ಹೊತ್ತಿಗೆ ಮಧುಕರನ ಫೋನ್ ಬಂತು. ಅಪ್ಪಾಸಾಹೇಬರು ಒಂದು ಕೈಯಿಂದ ಬಾಗಿಲು ಉಜ್ಜುತ್ತಲೇ ಇನ್ನೊಂದು ಕೈಯಿಂದ ಎತ್ತಿದರು.

"ಹೆಂಗದರೀ ಅಲಗು? ನಾ ಆರಿಸಿದ್ದು, ನೋಡಿದ್ರಿಲ್ಲೋ?"

"ಅಲಗು ಭಾಳ ಚಲೋ ಅದ," ಎಂದು ಅಪ್ಪಾಸಾಹೇಬರು ಪಿಸುಗುಟ್ಟಿದರು. "ಮಧುಕರ್, ಬುಧವಾರನೂ ಬಜಾರ್ ಇರ್ತದಲ್ಲ? ಆ ಸೊಲ್ಲಾಪುರದ ಅಜ್ಜನ ಹತ್ರ ಹೋಗಿ, ಅಲಗಿಲ್ಲದ ಆ ಶೀಸವಿ ರಂಧಾ ಇನ್ನೂ ಅದ ಏನು ನೋಡ್ರಿ."

"ಅದನ್ ತಗೊಂಡು ಏನ್ ಮಾಡ್ತೀರಿ?" ಎಂದ ಮಧುಕರ್.

"ಬಾಗಿಲಾ ನೇವರಸ್ತೀನಿ," ಎಂದರು ಅಪ್ಪಾಸಾಹೇಬರು. ತೊಟ್ಟಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು. "ಎರಡು ಸಿಕ್ರ ಎರಡೂ ತಗೊಂಡ್ ಬರ್ರಿ. ಹಬ್ಬ ಆದ ಮ್ಯಾಲೆ ಒಂದು ನಿಗಡಿಗೆ ಅಳಿಯಗ ಬೇಕಾಗ್ತದ."