ಹೆಗಲ ಟವಲ್ ಇಳಿಸಿದ ಸಭೆ

ಮೆಲ್ಲಗೆ ಮಾತಾಡಿ ಎಂದು ಹೇಳುವುದಕ್ಕಾಗಿಯೇ ಊರವರೊಂದಿಗೆ ಜಗಳ ಕಟ್ಟಿಕೊಂಡವನು ನಾನು. "ನಿಮಗ್ಯಾಕೆ ಬೇಕಿತ್ತು ಊರ ಉಸಾಬರಿ?" ಎಂದು ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ. ಬೇಕಿತ್ತು. ನಾಳೆಯೂ ಬೇಕು. ಗಂಟಲು ದೊಡ್ಡದಿದ್ದವನೇ ಗೆಲ್ಲುವುದಾದರೆ ಸಭೆ ಯಾಕೆ? ಎಲ್ಲರನ್ನೂ ನಾಲೆ ಏರಿಯ ಮೇಲೆ ಸಾಲಾಗಿ ನಿಲ್ಲಿಸಿ ಕೂಗಿಸಿದರೆ ಸಾಲದೇ?

ತೊಂಬತ್ತರ ದಶಕದಲ್ಲಿ ನಾನು ಹುಲ್ಲಹಳ್ಳಿ ಹತ್ತಿರದ ನಮ್ಮೂರಿನ ಹಾಲಿನ ಡೇರಿಗೆ ಕಾರ್ಯದರ್ಶಿಯಾಗಿದ್ದೆ. ನಮ್ಮ ಸಭೆಗಳಿಗೆ ಒಂದು ಪದ್ಧತಿಯಿತ್ತು. ಮಾತಾಡುವವನು ಮೊದಲು ಎದ್ದು, ಹೆಗಲ ಮೇಲಿನ ಟವಲ್ ತೆಗೆದು ಫಟ್ ಎಂದು ಕೊಡವಬೇಕು. ಆ ಸದ್ದಿಗೆ ಎದುರಿನವನೂ ಎದ್ದು ತನ್ನದನ್ನು ಕೊಡವುತ್ತಿದ್ದ. ಆಮೇಲೆ ಡೇರಿಯ ವಿಷಯ ಮೂಲೆಗೆ ಬಿದ್ದು, ಅಜ್ಜಂದಿರ ಕಾಲದ ಬದುವಿನ ತಗಾದೆಗಳೆಲ್ಲ ಎದ್ದು ಬರುತ್ತಿದ್ದವು. ನಾನು 'ಕೂಲಂಕಷವಾಗಿ ಚರ್ಚಿಸಲಾಯಿತು' ಎಂದು ಗೀಚಿ ಮನೆಗೆ ಹೋಗುತ್ತಿದ್ದೆ.

ಒಂದು ವರ್ಷ, ಬೆಳಗಿನ ಹಾಲು ಹಾಕುವ ಸಮಯವನ್ನು ಒಂದು ಗಂಟೆ ಮುಂಚೆ ಮಾಡಬೇಕೆಂಬ ಮಾತು ಬಂತು. ವ್ಯಾನು ಬರುವಷ್ಟರಲ್ಲಿ ಸಾಲು ಮುಗಿಯದೆ ಕೊನೆಯವರ ಹಾಲು ಉಳಿದುಬಿಡುತ್ತಿತ್ತು. ಪಟ್ಟು ಹಿಡಿದವರು ಸಿದ್ದೇಗೌಡರು. ಅವರ ಮನೆ ಡೇರಿಯ ಎದುರಿಗೇ. ಒಂದೇ ಹಸು ಸಾಕಿಕೊಂಡಿದ್ದ ಪುಟ್ಟತಾಯಮ್ಮನವರ ಮನೆ ಊರಾಚೆ, ನಾಲೆಯ ಕಡೆ. ಅಷ್ಟು ಹೊತ್ತಿಗೆ ಬರಬೇಕಾದರೆ ಅವರು ಕತ್ತಲಲ್ಲಿ ಏರಿಯ ಮೇಲೆ ಒಬ್ಬರೇ ನಡೆಯಬೇಕು, ಇಲ್ಲವೇ ಹಸು ಮಾರಬೇಕು. ಸಭೆಯಲ್ಲಿ ಅವರು ಬಾಯಿ ತೆರೆದಾಗಲೆಲ್ಲ ಯಾರದೋ ಟವಲ್ ಫಟ್ ಎನ್ನುತ್ತಿತ್ತು. ನನಗೆ ರೇಗಿಹೋಯಿತು.

ಮುಂದಿನ ಸಭೆಯ ದಿನ ಬಾಗಿಲಲ್ಲೇ ನಿಂತು, "ಟವಲ್ ಈ ಗೂಟಕ್ಕೆ ಹಾಕಿ ಒಳಗೆ ಬನ್ನಿ" ಎಂದೆ.

"ಯಾಕ್ ಸಾ, ನಮ್ ಟವಲ್ ಏನ್ ಮಾಡ್ತು ನಿಮ್ಗೆ?" ಸಿದ್ದೇಗೌಡರು ಕೇಳಿದರು.

"ಅದು ಡೇರಿ ಮೆಂಬರ್ ಅಲ್ಲ ಕಣ್ರೀ ಗೌಡ್ರೇ. ಆಚೆ ಇರ್ಲಿ."

ಗೊಣಗುತ್ತಲೇ ಎಲ್ಲರೂ ನೇತುಹಾಕಿದರು. ಸಭೆ ಶುರುವಾಗಿ ಸಿದ್ದೇಗೌಡರು ಎದ್ದರು. ಕೈ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಹೆಗಲನ್ನೇ ಒಂದೆರಡು ಸಲ ಸವರಿಕೊಂಡು, ಹೇಳಬೇಕಾದ್ದು ಮರೆತವರಂತೆ ಕೂತುಬಿಟ್ಟರು. ಆಗ ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

"ಟೈಮ್ ಬದ್ಲಾಯ್ಸೋದ್ ಬ್ಯಾಡ ಕಣ್ರಪ್ಪಾ," ಎಂದರು. "ನಾವೆಲ್ಲ ಒತ್ತಿಗ್ ಸರ್ಯಾಗೇ ಬತ್ತೀವಿ. ಬಂದ್ಮೇಲೆ ಸೆಕ್ರೆಟ್ರಿ ಸಾ ಕ್ಯಾನ್ ತೊಳ್ದು, ಪಟಕ್ಕೆ ಊದ್‌ಬತ್ತಿ ಅಚ್ಚಿ, ಕಾಪಿ ಕುಡ್ದು, ಆಮೇಲ್ ಅಳ್ಯಕ್ಕೆ ಕೂತ್ಕತಾರೆ. ಅವ್ರೊಬ್ರು ಅದ್ನೆಲ್ಲ ಮೊದ್ಲೇ ಮುಗಿಸ್ಕಂಡ್ರೆ ಸಾಕು, ಸಾಲು ಬೇಗ ಕರಗೋಯ್ತದೆ."

ಯಾರೂ ಕೂಗಲಿಲ್ಲ. "ಅದೂ ಸರಿ ಕಣವ್ವ" ಎಂದರು ಸಿದ್ದೇಗೌಡರು, ಅವರ ಬಾಯಿಂದ ನಾನೆಂದೂ ಕೇಳಿರದಷ್ಟು ಮೆಲ್ಲಗೆ. ಎಲ್ಲರೂ ಕೈ ಎತ್ತಿದರು. ಹಿಂದಿನ ಸಭೆಗಳಲ್ಲಾದರೆ ಇಂಥ ಮಾತು ಗಲಾಟೆಯಲ್ಲಿ ಎಲ್ಲೋ ಕೊಚ್ಚಿಹೋಗುತ್ತಿತ್ತು. ಎದ್ದು ನನ್ನ ಪರವಾಗಿ ನಾನೇ ಗಟ್ಟಿಯಾಗಿ ಏನಾದರೂ ಹೇಳೋಣವೆಂದರೆ, ಅಷ್ಟು ಸೌಜನ್ಯದಿಂದ ಕೂತಿದ್ದವರ ಮುಂದೆ ದನಿ ಏರಿಸುವುದು ಹೇಗೆ?

ಈಗಲೂ ಹೇಳುತ್ತೇನೆ, ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಯಾರು ಏನೇ ಅನ್ನಲಿ, ಈ ಮಾತಿನಿಂದ ಹಿಂದೆ ಸರಿಯುವವನು ನಾನಲ್ಲ. ಪುಟ್ಟತಾಯಮ್ಮ ಹಸು ಮಾರಲಿಲ್ಲ, ಬೆಳಕು ಹರಿದ ಮೇಲೆಯೇ ಆರಾಮವಾಗಿ ಬಂದು ಹಾಲು ಹಾಕಿದರು. ಕತ್ತಲಲ್ಲಿ ಟಾರ್ಚ್ ಹಿಡಿದು ಹೋಗಿ ಕ್ಯಾನ್ ತೊಳೆದವನು ನಾನು.