ಆಪರೇಷನ್ ಆದಮೇಲಿನ ನಾಷ್ಟಾ

ತೂಕ ಇಳಿಸಲು ಹೈದರಾಬಾದಿಗೆ ಹೋಗಿ ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಮಾಡಿಸಿಕೊಂಡು ಬಂದಾಗಿನಿಂದ ನನ್ನ ಬೆಳಗಿನ ನಾಷ್ಟಾ ಒಂದು ದಿನವೂ ಸುಸೂತ್ರವಾಗಿ ಮುಗಿದಿಲ್ಲ. ಬೆಳಿಗ್ಗೆ ಮೊದಲು ಪ್ರೋಟೀನ್ ತಿನ್ನಬೇಕು, ಬಹಳ ಹೊತ್ತು ಅಗಿಯಬೇಕು, ತಿನ್ನುವಾಗ ನೀರು ಕುಡಿಯಬಾರದು, ತುಂಬಿತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಲ್ಲಿ ಎಲ್ಲ ತಿಳಿದಿತ್ತು. ನಮ್ಮೂರು ಚಿತ್ತಾಪುರಕ್ಕೆ ಬಂದಮೇಲೆ ನನಗೂ ತಿಳಿಯದಾಯಿತು, ಉಳಿದವರಿಗೂ.

೧. ಡಬ್ಬಿಯ ಮೇಲಿನ ಪೈಲ್ವಾನ

ಮೊದಲ ಕೆಲವು ವಾರ ಹಾಲಿನಲ್ಲಿ ಕಲಸಿದ ಪ್ರೋಟೀನ್ ಪುಡಿಯೇ ನನ್ನ ನಾಷ್ಟಾ. ಆಸ್ಪತ್ರೆಯಲ್ಲಿ ಕೊಟ್ಟದ್ದು ಮುಗಿದಾಗ ನಮ್ಮ ಮನೆಯವರು ಮೆಡಿಕಲ್ ಅಂಗಡಿಯಿಂದ ಇನ್ನೊಂದು ಡಬ್ಬಿ ತಂದರು. ಅದರ ಮೇಲೆ ಅಂಗಿಯಿಲ್ಲದ ಪೈಲ್ವಾನನೊಬ್ಬ ತೋಳು ಉಬ್ಬಿಸಿಕೊಂಡು ನಿಂತಿದ್ದ. ಸಣ್ಣಗಾಗಬೇಕೆಂದು ಹೊಟ್ಟೆ ಕೊಯ್ಸಿಕೊಂಡವಳಿಗೆ ತಾಕತ್ತಿನ ಪುಡಿ ಯಾಕೆ ಎಂದು ನಮ್ಮತ್ತೆಗೆ ಮೊದಲಿನಿಂದಲೂ ಗೊಂದಲ. ಚಷ್ಮಾ ಹಾಕಿಕೊಂಡು ಆ ಪೈಲ್ವಾನನನ್ನು ನೋಡಿದರು, ಬಳಿಕ ಕಡ್ಡಿಯಂಥ ತಮ್ಮ ಮಗನನ್ನು ನೋಡಿದರು.

"ಇಂವ ಮೊದಲೇ ಭಾಳ ಸೊರಗ್ಯಾನ," ಅಂದರು. "ನೀ ಹಿಂಗಾದ್ರ ನನ್ನ ಮಗನ ಗತಿ ಏನವ್ವಾ?"

೨. ಸೇಡಂನ ಹಲ್ಲು

ನಾನು ವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗಟ್ಟಿ ಆಹಾರ ಶುರುವಾದಮೇಲೆ ಪನೀರ್ ತುಣುಕುಗಳನ್ನು ಡಬ್ಬಿಗೆ ಹಾಕಿಕೊಂಡು, ದಿನಾ ಶಾಲೆಗೆ ಹೋಗುವ ರೈಲಿನಲ್ಲೇ ತಿನ್ನತೊಡಗಿದೆ. ಒಂದು ದಿನ, ಸೇಡಂನಲ್ಲಿ ಹತ್ತಿದ್ದ ಮುದುಕಿಯೊಬ್ಬಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅರ್ಧ ದಾರಿ ಬಂದರೂ ನಾನು ಒಂದೇ ತುಣುಕು ಅಗಿಯುತ್ತಿದ್ದೆ. ಪಾಪ, ಈ ವಯಸ್ಸಿಗೇ ಹಲ್ಲು ಹೋದವೇನವ್ವ ಎಂದು ಮರುಗಿದಳು. ತಮ್ಮೂರಿನಲ್ಲಿ ಹಲ್ಲಿನ ಸೆಟ್ ಕಟ್ಟುವ ಒಳ್ಳೆಯ ಡಾಕ್ಟರ್ ಇದ್ದಾನೆಂದಳು. ಬಾಯಲ್ಲಿ ತುತ್ತಿದ್ದದ್ದರಿಂದ ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ನನಗೆ ನಂಬಿಕೆ ಬರಲಿಲ್ಲ ಎಂದುಕೊಂಡ ಅವಳು ತನ್ನ ಸೆಟ್ಟನ್ನೇ ತೆಗೆದು ನನ್ನ ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಆ ತುತ್ತು ವಾಡಿ ಬಂದರೂ ಇಳಿಯಲಿಲ್ಲ.

೩. ಚಿಂಚೋಳಿಯ ಪೂರಿ

ಮಗನಿಗೆ ಹೆಣ್ಣು ನೋಡಲು ಚಿಂಚೋಳಿಗೆ ಹೋದೆವು. ಹುಡುಗಿ ನರ್ಸ್. ಫೋಟೋ ನೋಡಿದಂದಿನಿಂದ ಮಗ ಅರ್ಧ ಒಪ್ಪಿಬಿಟ್ಟಿದ್ದ. ತಾಯಿಗೇ ಏನೋ ಜಡ್ಡು ಅಂದುಕೊಂಡಾರು, ಆಪರೇಷನ್ ವಿಷಯ ಎತ್ತಬೇಡ ಎಂದು ಮನೆಯವರು ದಾರಿಯುದ್ದಕ್ಕೂ ತಾಕೀತು ಮಾಡಿದ್ದರು.

ನಾಷ್ಟಾಕ್ಕೆ ಪೂರಿ, ಉಪ್ಪಿಟ್ಟು, ಶಿರಾ ಬಂದವು. ಇದರಲ್ಲಿ ಪ್ರೋಟೀನ್ ಎಲ್ಲಿದೆ ಎಂದು ಹುಡುಕಿದೆ. ಉಪ್ಪಿಟ್ಟಿನೊಳಗೆ ಶೇಂಗಾ ಕಂಡವು. ಅವನ್ನಷ್ಟೇ ಒಂದೊಂದಾಗಿ ಹೆಕ್ಕಿ ತಿಂದು ತಟ್ಟೆ ಸರಿಸಿದೆ. ನೀರು ಕೊಟ್ಟರು, ಅದೂ ಬೇಡವೆಂದೆ.

ಹುಡುಗಿಯ ತಂದೆಯ ಮುಖ ಬಾಡಿತು. ಹುಡುಗನ ತಾಯಿ ಮನೆಯ ನೀರೂ ಮುಟ್ಟಲಿಲ್ಲವೆಂದರೆ ಸಂಬಂಧ ಬೇಡವೆಂದೇ ಅಲ್ಲವೇ? ಒಳಗೆ ಗುಸುಗುಸು ಶುರುವಾಯಿತು. ಗಾಬರಿಬಿದ್ದ ಮಗ, ಹೇಗಾದರೂ ಮರ್ಯಾದೆ ಉಳಿಸಬೇಕೆಂದು ನನ್ನ ಪಾಲಿನ ಪೂರಿಯನ್ನೂ ತಿಂದ, ಅಪ್ಪನ ಪಾಲಿನದನ್ನೂ ತಿಂದ, ಇನ್ನಷ್ಟು ಹಾಕಿಸಿಕೊಂಡ. ಎದುರಿಗೆ ಕುಳಿತಿದ್ದ ಹುಡುಗಿ ಅವನ ತಟ್ಟೆಯನ್ನೇ ನೋಡುತ್ತಿದ್ದಳು.

ತಂದೆ ನನ್ನೆದುರು ಕೈಮುಗಿದರು. "ನಮ್ಮ ಕಡಿಂದ ಏನರ ತಪ್ಪಾಗೇದೇನ್ರಿ, ಅಕ್ಕೋರೆ?"

ನನಗೆ ತಡೆಯಲಾಗಲಿಲ್ಲ. ಮನೆಯವರ ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟೆ. ಹುಡುಗಿ ಎದ್ದು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಅವಳು ಒಂದು ಬಟ್ಟಲು ಗಟ್ಟಿ ಮೊಸರು, ಸಣ್ಣ ಚಮಚ ತಂದು ನನ್ನ ಮುಂದಿಟ್ಟಳು.

"ಸಾವಕಾಶ ತಿನ್ರಿ. ನೀರು ಅರ್ಧ ತಾಸು ಬಿಟ್ಟು ಕುಡೀರಿ."

ನನ್ನ ಕಣ್ಣು ತುಂಬಿದವು. ಇವಳೇ ಸೊಸೆ ಎಂದು ಆಗಲೇ ನಿಶ್ಚಯಿಸಿದೆ.

ಆಮೇಲೆ ಹಿರಿಯರು ಹುಡುಗ ಹುಡುಗಿಯನ್ನು ಅಂಗಳದಲ್ಲಿ ಮಾತಾಡಲು ಬಿಟ್ಟರು. ಮರಳಿ ಬಂದ ಮಗನ ಮುಖದಲ್ಲಿ ನಗುವೋ ಚಿಂತೆಯೋ ತಿಳಿಯಲಿಲ್ಲ. ಏನಂದಳೆಂದು ಅವನ ಕಿವಿಯಲ್ಲಿ ಮೆಲ್ಲಗೆ ಕೇಳಿದೆ.

"ಒಪ್ಪಿಗಿ ಅದ ಅಂದ್ಲು," ಅಂದ. "ಆದ್ರ ನಿಮ್ಮ ಅವ್ವಂದು ಆತು, ನಿಮ್ಮ ಆಪರೇಷನ್ ಯಾವಾಗ ಅಂತ ಕೇಳ್ಲಿಕತ್ಯಾಳ."