ಸಾವಂತ್ರೆವ್ವನ ಜಿಹ್ವಾವಿಜಯ

ಹಿಟ್ಟಿನ ಧೂಳೇ ದಿಗಂತವಾಗಿ, ಒಲೆಯ ಹೊಗೆಯೇ ಮೇಘಮಾಲೆಯಾಗಿದ್ದ ಆ ಯುಗದಲ್ಲಿ, ವಿಜಯಪುರದ ಒಂದು ಓಣಿಯೊಳಗೆ, ಹತ್ತು ಹಂಚುಗಳ ಒಡತಿಯೂ ಜೋಳದ ರೊಟ್ಟಿ ಕೇಂದ್ರದ ಏಕಚ್ಛತ್ರಾಧಿಪತಿಯೂ ಹೊಗಳಿಕೆಯೆಂಬ ಪಾಪವನ್ನು ಎಂದೂ ಮಾಡದವಳೂ ಆದ ಸಾವಂತ್ರೆವ್ವ ಆಳುತ್ತಿದ್ದಳು. ಹೇ ವಾಗ್ದೇವಿ, ಆಕೆ ಒಂದೇ ಒಂದು ಒಳ್ಳೆಯ ಮಾತಿಗಾಗಿ ಹೋರಾಡಿದ ಆ ಮಧ್ಯಾಹ್ನವನ್ನು ಹಾಡಲು ನನಗೆ ಉಸಿರು ಕೊಡು.

ಅಂದು ರೊಟ್ಟಿ ಬಡಿಯುವ ಹೆಂಗಸರ ಆಕೆಯ ಸೇನೆ ಒಡೆಯುವುದರಲ್ಲಿತ್ತು. ಚಂದ್ರಬಿಂಬಸಮಾನ ರೊಟ್ಟಿಗಳನ್ನು ಕರತಲದಿಂದ ಸೃಷ್ಟಿಸುವ, ಅಗ್ನಿಯನ್ನೇ ಬೆರಳ ತುದಿಯಲ್ಲಿ ಮುಟ್ಟಿ ಮಾತಾಡಿಸುವ ನಿಂಬೆವ್ವ, ಸಂಜೆಗೆ ಪಕ್ಕದ ಓಣಿಯ ಕೇಂದ್ರ ಸೇರುವೆನೆಂದು ಘೋಷಿಸಿದ್ದಳು. ಆಕೆ ಹೋದರೆ ಉಳಿದವರೂ ಹಿಂದೆಯೇ ಹೊರಡುವುದು ನಿಶ್ಚಿತವಾಗಿತ್ತು.

"ಏನು ಕಡಿಮಿ ಮಾಡೀನಿ ನಿನಗ?" ಎಂದು ಸಾವಂತ್ರೆವ್ವ ಗುಡುಗಿದಳು.

"ಏನೂ ಕಡಿಮಿ ಮಾಡಿಲ್ರಿ. ಹರದ ರೊಟ್ಟಿ ಅಷ್ಟ ನಿಮ್ಮ ಕಣ್ಣಿಗಿ ಕಾಣ್ತದ. ಉಬ್ಬಿದ್ದು ಒಂದರ ಕಂಡದೇನು?"

ಈ ಬಾಣಕ್ಕೆ ಆ ವಜ್ರಹೃದಯೆ ತತ್ತರಿಸಿದಳು. ಏಕೆಂದರೆ ಅವಳಿಗೆ ಎಲ್ಲವೂ ಕಂಡಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಹೊಗಳಿದರೆ ದೃಷ್ಟಿ ತಗಲುತ್ತದೆಂದು ಅತ್ತೆ ಕಲಿಸಿದ್ದಳು. ಆ ಅತ್ತೆ ಸೊಸೆಯ ರೊಟ್ಟಿಯನ್ನು ಜೀವಮಾನವಿಡೀ ತಿಂದು, ಮಾತಿಲ್ಲದೆ ಕೈತೊಳೆದು, ಮಾತಿಲ್ಲದೆಯೇ ತೀರಿಹೋದಳು. ಒಂದು ಮಾತಿಗಾಗಿ ಕಾಯುವುದು ಹೇಗಿರುತ್ತದೆಂದು ಆ ಒಲೆಗಳ ನಡುವೆ ಸಾವಂತ್ರೆವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಆಕೆ ಸೆರಗು ಬಿಗಿದು ಎದ್ದಳು. "ಇಡೀ ಮದುವಿ ರೊಟ್ಟಿ ಒಬ್ಬಾಕಿನ ಬಡದಾಕಿ ನಾನು! ಕಾರ್ಪೊರೇಷನ್ ಸಾಹೇಬರ ಮುಂದ ನಿಂತು ಜಗಳಾಡೀನಿ! ಒಂದು ಮಾತು ಆಡಾಕ ಅಂಜ್ತೀನೇನ?"

"ಆಡ್ರಿ ಮತ್ತ, ಒಲಿ ಆರೂದರೊಳಗ," ಎಂದಳು ಪಕ್ಕದ ಒಲೆಯ ಕಾಶವ್ವ.

ರೊಟ್ಟಿ ಬಡಿಯುವ ಕೈಗಳು ನಿಂತವು. ನಿಂಬೆವ್ವನ ಹಂಚಿನ ಮೇಲೆ ರೊಟ್ಟಿಯೊಂದು ಹುಣ್ಣಿಮೆಯಂತೆ ಉಬ್ಬಿತು. ಸಾವಂತ್ರೆವ್ವನ ಕಂಠದಲ್ಲಿ ಸಪ್ತಸಮುದ್ರಗಳು ಮೊರೆದವು, ಕುಲಪರ್ವತಗಳು ಅಡ್ಡಬಂದವು. ಅವೆಲ್ಲವನ್ನೂ ದಾಟಿ, ಕಡೆಗೆ, ಆ ಮಹಾಸ್ತ್ರ ಹೊರಬಿತ್ತು:

"ನಿನ್ನ ರೊಟ್ಟಿ... ಛಲೋ ಆಗ್ತಾವ ನೋಡ, ನಿಂಬಿ. ನನಗ ಹಿಂಗ ಬರೂದಿಲ್ಲ."

ಅಷ್ಟೆ. ಪುಷ್ಪವೃಷ್ಟಿಯಾಗಲಿಲ್ಲ, ದುಂದುಭಿ ಮೊಳಗಲಿಲ್ಲ. ಎಲ್ಲರೂ ಒಡತಿಯ ಬಾಯನ್ನೇ ನೋಡುತ್ತಿದ್ದುದರಿಂದ ರೊಟ್ಟಿ ಮಾತ್ರ ಸೀದು ಕಪ್ಪಾಯಿತು.

"ಹತ್ತಿತು ನೋಡ್ರಿ ದೃಷ್ಟಿ!" ಕಾಶವ್ವ ಬಿದ್ದುಬಿದ್ದು ನಕ್ಕಳು.

ನಿಂಬೆವ್ವ ಸೆರಗಿನಿಂದ ಮೂಗೊರೆಸಿಕೊಂಡಳು. ಸೀದದ್ದನ್ನು ಬದಿಗಿಟ್ಟು, ಇನ್ನೊಂದು ಉಂಡೆ ಹಿಡಿದಳು.

"ನಾಳಿಗಿ ಹಿಟ್ಟು ಸಣ್ಣಗ ಬೀಸಿಸ್ರಿ, ಅಕ್ಕಾರ," ಎಂದಳು. "ಇದು ಭಾಳ ದಪ್ಪ ಅದ."